ಪಹಣಿ ಕಂಪ್ಯೂಟರಿಗೆ ಬಂದ ಭಾಷೆ: ಈಗಲೂ ಕಲಿಯಬೇಕಾ?

ಪಿರಿಯಾಪಟ್ಟಣ ಕಡೆಯ ತಂಬಾಕು ಬೆಳೆಗಾರರೊಬ್ಬರು ಮೊನ್ನೆ ಕೇಳಿದರು: "ಮಗಳು ಬಿಸಿಎ ಓದ್ತಾವ್ಳೆ ಸಾ. ಕಾಲೇಜಲ್ಲಿ ಇನ್ನೂ ವಿಷುಯಲ್ ಬೇಸಿಕ್ ಹೇಳ್ಕೊಡ್ತಾರಂತೆ. ಅದು ಹಳೇದಾಯ್ತು ಅಂತ ಯಾರೋ ಅಂದ್ರು. ಕಟ್ಟಿದ ಫೀಜು ದಂಡವಾ?"

ಉತ್ತರ ಹುಡುಕಲು ಅವರ ಮನೆಯ ಪಹಣಿಯಿಂದಲೇ ಶುರು ಮಾಡಬಹುದು.

ಇಪ್ಪತ್ತೈದು ವರ್ಷದ ಹಿಂದೆ ಪಹಣಿ ಅಂದರೆ ಕೈಬರಹ. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು, ಪುಸ್ತಕ ಅವರ ಹತ್ತಿರ. ಬ್ಯಾಂಕ್ ಸಾಲಕ್ಕೆ ಪಹಣಿ ಬೇಕಾದರೆ ಅವರನ್ನು ಹುಡುಕಿಕೊಂಡು ಅಲೆಯಬೇಕಿತ್ತು. ಬರೆದದ್ದನ್ನು ತಿದ್ದಿದರೆ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಬಂದದ್ದು 'ಭೂಮಿ' ಯೋಜನೆ. ಕಂದಾಯ ಇಲಾಖೆಯಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಮುಂದಾಳು. ಸಾಫ್ಟ್‌ವೇರ್ ಬರೆದದ್ದು ಬೆಂಗಳೂರಿನ ಎನ್‌ಐಸಿ. ಮೊದಲ ಪ್ರಯೋಗ ಪಕ್ಕದ ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ. ನಂತರ 177 ತಾಲೂಕು ಕೇಂದ್ರಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರ್ ಸೇರಿತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ರೈತರೂ ತಾಲೂಕು ಕಚೇರಿ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟು ಪಹಣಿ ತರುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು.

ಆ ಸಾಫ್ಟ್‌ವೇರಿನ ಮುಂದಿನ ಪರದೆ ಬರೆದದ್ದು ಇದೇ ವಿಷುಯಲ್ ಬೇಸಿಕ್‌ನಲ್ಲಿ. ದತ್ತಾಂಶ ಇಟ್ಟದ್ದು ಎಸ್‌ಕ್ಯೂಎಲ್ ಸರ್ವರಿನಲ್ಲಿ.

ಬೇಸಿಕ್ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ. ಕೆಮೆನಿ, ಕರ್ಟ್ಜ್ ಎಂಬ ಇಬ್ಬರು ಗಣಿತದ ಮೇಷ್ಟ್ರು ಇದನ್ನು ಮಾಡಿದರು. ವಿಜ್ಞಾನ ಓದದ ಹುಡುಗರೂ ಕಂಪ್ಯೂಟರ್ ಬಳಸಲಿ ಅನ್ನುವುದು ಅವರ ಆಸೆ. 1991ರಲ್ಲಿ ಮೈಕ್ರೋಸಾಫ್ಟ್ ವಿಷುಯಲ್ ಬೇಸಿಕ್ ತಂದಿತು. 1998ರಲ್ಲಿ ಬಂತು 6ನೇ ಆವೃತ್ತಿ. ಅದರಲ್ಲಿ ಪ್ರೋಗ್ರಾಂ ಬರೆಯುವ ಸಲಕರಣೆಗೆ 2008ರ ಏಪ್ರಿಲ್‌ನಲ್ಲಿ ಕಂಪನಿ ಬೆಂಬಲ ನಿಲ್ಲಿಸಿತು. ಆದರೆ ಆಗ ಬರೆದ ಪ್ರೋಗ್ರಾಂಗಳು ಈಗಿನ ವಿಂಡೋಸ್‌ನಲ್ಲೂ ಓಡುತ್ತವೆ.

ಈಗ ಪಹಣಿ ಮೊಬೈಲಿಗೇ ಬರುತ್ತದೆ. ಆದರೂ ಒಂದು ತೊಂದರೆ ಹೋಗಿಲ್ಲ. ಪಹಣಿಯ 3ನೇ ಕಾಲಂ ಜಮೀನಿನ ವಿಸ್ತೀರ್ಣ, 9ನೇ ಕಾಲಂ ಖಾತೆದಾರರ ಹೆಸರು ಮತ್ತು ಅವರವರ ಪಾಲು. ಎರಡೂ ತಾಳೆಯಾಗಬೇಕು. ಖರಾಬು ಕಳೆದು 3 ಎಕರೆ 20 ಗುಂಟೆ ಇರುವ ಜಮೀನಿನಲ್ಲಿ ಮೂವರು ಅಣ್ಣತಮ್ಮಂದಿರ ಹೆಸರಿಗೆ 1 ಎಕರೆ 10 ಗುಂಟೆಯಂತೆ ಬರೆದಿದ್ದರೆ ಒಟ್ಟು 3 ಎಕರೆ 30 ಗುಂಟೆ ಆಗುತ್ತದೆ. ಇಲ್ಲದ 10 ಗುಂಟೆ ಎಲ್ಲಿಂದ ಬಂತು? ಇದನ್ನು ಸರಿ ಮಾಡಿಸಲು ಜನ ಈಗಲೂ ಕಚೇರಿ ಅಲೆಯುತ್ತಾರೆ. ಪುಸ್ತಕದ ತಪ್ಪನ್ನು ಹಾಗೇ ಟೈಪು ಮಾಡಿದರೆ, ಭಾಷೆ ಎಷ್ಟು ಹೊಸದಾದರೂ ತಪ್ಪು ತಪ್ಪೇ.

ಈ ತಾಳೆ ನೋಡುವ ಪ್ರೋಗ್ರಾಂ ಬರೆಯುವವರಿಗೆ ಎಕರೆಗೆ 40 ಗುಂಟೆ ಅನ್ನುವುದು ಗೊತ್ತಿರಬೇಕು. 1 ಎಕರೆ 25 ಗುಂಟೆಯನ್ನು 1.25 ಅಂತ ಬರೆದು ಎರಡು ಸಲ ಕೂಡಿದರೆ ಕಂಪ್ಯೂಟರ್ 2.50 ಅನ್ನುತ್ತದೆ. ರೈತನ ಲೆಕ್ಕದಲ್ಲಿ ಅದು 3 ಎಕರೆ 10 ಗುಂಟೆ. ವಿಷುಯಲ್ ಬೇಸಿಕ್ ಆಗಲಿ, ಪೈಥಾನ್ ಆಗಲಿ, ಈ ಲೆಕ್ಕ ಬರೆಯುವವರ ತಲೆಯಲ್ಲಿ ಇರಬೇಕು.

ಹಳೇ ಭಾಷೆ ಬಲ್ಲವರನ್ನು ಹುಡುಕುವ ಕಾಲವೂ ಬರುತ್ತದೆ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಹೊತ್ತಲ್ಲಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ನಿರುದ್ಯೋಗ ಭತ್ಯೆ ವ್ಯವಸ್ಥೆ ಅರ್ಜಿಗಳ ಭಾರಕ್ಕೆ ತತ್ತರಿಸಿತು. ಅದು ಕೋಬಾಲ್ ಎಂಬ 1959ರ ಭಾಷೆಯದು. ಆ ಭಾಷೆ ಬಲ್ಲವರು ಸಹಾಯಕ್ಕೆ ಬನ್ನಿ ಅಂತ ಅಲ್ಲಿನ ಗವರ್ನರ್ ಫಿಲ್ ಮರ್ಫಿ ಬಹಿರಂಗವಾಗಿ ಕೇಳಿಕೊಂಡರು.

ಹಾಗಂತ ವಿಷುಯಲ್ ಬೇಸಿಕ್ ಒಂದನ್ನೇ ಕಲಿಯಲು ಮೈಸೂರಿನಲ್ಲಿ ಸಾವಿರಾರು ರೂಪಾಯಿ ಕಟ್ಟಬೇಡಿ. ಹೊಸ ಕೆಲಸಗಳು ಅದರಲ್ಲಿ ಹುಟ್ಟುವುದು ಅಪರೂಪ. ಸಿಲಬಸ್‌ನಲ್ಲಿದ್ದರೆ ಶ್ರದ್ಧೆಯಿಂದ ಕಲಿಯಲಿ. ಜೊತೆಗೆ ಎಸ್‌ಕ್ಯೂಎಲ್ ಗಟ್ಟಿ ಮಾಡಿಕೊಳ್ಳಲಿ. ಅದೂ 1970ರ ದಶಕದ್ದೇ, ಆದರೆ ದಾಖಲೆ ಇಡುವ ಕಡೆಯೆಲ್ಲ ಇವತ್ತಿಗೂ ನಡೆಯುತ್ತಿದೆ. ಆಮೇಲೆ ಪೈಥಾನೋ ಜಾವಾನೋ ಒಂದನ್ನು ಹಿಡಿಯಲಿ.

ಆ ರೈತರಿಗೂ ಇದನ್ನೇ ಹೇಳಿದೆ. ಮನೆಯ ಪಹಣಿಯ 3 ಮತ್ತು 9ನೇ ಕಾಲಂ ತಾಳೆ ನೋಡುವ ಪ್ರೋಗ್ರಾಂ ಒಂದನ್ನು ಮಗಳು ವಿಷುಯಲ್ ಬೇಸಿಕ್‌ನಲ್ಲೇ ಬರೆಯಲಿ. ಗುಂಟೆ ಲೆಕ್ಕ ಸರಿ ಬಂದರೆ ಫೀಜು ದಂಡವಾಗಿಲ್ಲ ಅಂತಲೇ ತಿಳಿಯಿರಿ.