ಹಾಡು ಬಂದ ಹಾದಿ

ಒಂದು ಹಾಡು ನಿಮ್ಮ ಮನೆಗೆ ಯಾವ ಹಾದಿಯಲ್ಲಿ ಬಂದಿತೆಂದು ಎಂದಾದರೂ ಯೋಚಿಸಿದ್ದೀರಾ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸೀಮೆಯಲ್ಲಿ ರಾಗಿ ಬೀಸುವಾಗ ತಾಯಿಯ ಬಾಯಿಂದ ಮಗಳ ಕಿವಿಗೆ ಹಾಡು ದಾಟುತ್ತಿತ್ತು. ಕಲಿಯಬೇಕಾದರೆ ಹಾಡುವವರ ಬಳಿ ಕೂರಲೇಬೇಕಿತ್ತು. ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದಾಗ ಆ ಹಾಡುಗಳೂ ಅಳಿಯತೊಡಗಿದವು. ಅವುಗಳನ್ನು ಉಳಿಸಲೆಂದು ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು.

ಕ್ಯಾಸೆಟ್ಟು ಹಾಡನ್ನು ಅಂಗಡಿಗೆ ತಂದಿತು. ನೆರೆಮನೆಯಿಂದ ಎರವಲು ತಂದು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳಲು ಗಂಟೆಯಾದರೂ ಬೇಕಿತ್ತು. 1999ರಲ್ಲಿ ಅಮೆರಿಕದ ನ್ಯಾಪ್‌ಸ್ಟರ್ ಅಪರಿಚಿತರ ನಡುವೆಯೂ ಹಾಡು ಹಂಚುವ ದಾರಿ ತೆರೆಯಿತು. ಹಕ್ಕುಸ್ವಾಮ್ಯದ ಮೊಕದ್ದಮೆಯಿಂದ 2001ರಲ್ಲಿ ಅದು ನಿಂತರೂ ದಾರಿ ಮುಚ್ಚಲಿಲ್ಲ. 2005ರಲ್ಲಿ ಯೂಟ್ಯೂಬ್ ಬಂದಿತು. 2016ರ ನಂತರ ಅಗ್ಗವಾದ ಮೊಬೈಲ್ ಡೇಟಾ ಅದನ್ನು ಹೊಲದ ಬದುವಿಗೂ ತಲುಪಿಸಿತು.

ಇದು ದೊಡ್ಡ ಲಾಭವೇ ಸರಿ. ಮಾಗಡಿಯ ಸೋಬಾನೆಯನ್ನು ದುಬೈನಲ್ಲಿರುವ ಮಗಳು ಇಂದು ಕೇಳಬಲ್ಲಳು. ಆದರೆ ಕೈಯಿಂದ ಕೈಗೆ ದಾಟುವಾಗ ಹಾಡಿದವರ ಹೆಸರೇ ಮೊದಲು ಕಳಚಿಬೀಳುತ್ತದೆ. ಅದರೊಂದಿಗೆ ಅವರಿಗೆ ಸಲ್ಲಬೇಕಾದ ಗೌರವವೂ. ಆದುದರಿಂದ ಅಜ್ಜಿಯ ಹಾಡನ್ನು ಮೊಬೈಲಿನಲ್ಲಿ ಮುದ್ರಿಸಿ ಹಂಚುವಾಗ ಅವರ ಹೆಸರನ್ನೂ ಊರನ್ನೂ ಸೇರಿಸೋಣ. ಅದಕ್ಕೂ ಮೊದಲು ಅವರ ಬಳಿ ಕುಳಿತು ಒಂದು ನುಡಿಯನ್ನಾದರೂ ಕಲಿಯೋಣ.