ಪಾದದ ಅಳತೆ

ಕಲ್ಯಾಣವೆಂದೊಡನೆ ಕನ್ನಡಿಗನ ಮನಸ್ಸು, ತನ್ನ ಹಾಗೂ ಪತ್ನಿಯ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಹೊಲಿದನೆಂಬ ಐತಿಹ್ಯವುಳ್ಳ ಶರಣ ಹರಳಯ್ಯನ ಕಲ್ಯಾಣಕ್ಕೆ ಹರಿಯುವುದು ಸಹಜ; ನಾನು ಹೇಳಹೊರಟಿರುವುದಾದರೋ ಉಲ್ಹಾಸ ನದಿಯ ದಡದ, 1854ರಲ್ಲಿ ರೈಲು ಮುಟ್ಟಿದ ಕಲ್ಯಾಣವನ್ನೂ ಅದರ ನೆರೆಯ ಡೊಂಬಿವಲಿ, ಠಾಣೆಗಳನ್ನೂ ಕುರಿತು. ಅಲ್ಲಿ ನೆಲೆಸಿದ ಕನ್ನಡಿಗರು ಕೊಲ್ಹಾಪುರಿಯೆಂದು ಕೊಳ್ಳುವ ಚಪ್ಪಲಿಗಳಲ್ಲಿ ಅನೇಕವು ಅಥಣಿ, ನಿಪ್ಪಾಣಿ ಸೀಮೆಯ ಕುಶಲಕರ್ಮಿಗಳ ಕೈಗೆಲಸವೇ. 2019ರ ಭೌಗೋಳಿಕ ಸೂಚಕ ಮಾನ್ಯತೆಯು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸಂದಿತು.

ಹಿಂದೆ, ಹಾಳೆಯ ಮೇಲೆ ಹಿಮ್ಮಡಿಯೂರಿ ನಿಂತು, ಪಾದದ ಸುತ್ತ ಪೆನ್ಸಿಲಿನಿಂದ ಗೆರೆಯೆಳೆದು, ಊರಿಗೆ ಹೋಗುವವರ ಕೈಯಲ್ಲಿ ಕಳುಹಿದರೆ, ಕಾಲನ್ನು ಕಾಣದೆಯೂ ಹೊಲಿಯುವವನಿಗೆ ಅದರ ಆಕಾರ ತಿಳಿಯುತ್ತಿದ್ದಿತು. ಇಂದು ಮನೆಯಲ್ಲಿಯೇ ಕುಳಿತು ಆನ್‌ಲೈನಿನಲ್ಲಿ ಕೊಳ್ಳುವವನಿಗೆ ದೊರೆಯುವುದು ಬರಿಯ ಒಂದು ಅಂಕಿ. ಆ ಅಂಕಿಯೋ, ಜವೆಗಾಳಿನ ಉದ್ದವನ್ನಾಧರಿಸಿ ಅಂಗುಲದ ಒಂದು ತೃತೀಯಾಂಶದಂತೆ ಏರುವ ಇಂಗ್ಲಿಷ್ ಕ್ರಮದ್ದಿರಬಹುದು, ಸೆಂಟಿಮೀಟರಿನ ಎರಡು ತೃತೀಯಾಂಶದಂತೆ ಏರುವ ಫ್ರೆಂಚ್ ಕ್ರಮದ್ದಿರಬಹುದು. ಪಾದದ ಅಗಲವನ್ನು ಎರಡೂ ಹೇಳವು. ಆದುದರಿಂದ ವಾಚಕರು ಸಂಜೆ, ಪಾದಗಳು ತುಸು ಉಬ್ಬಿರುವಾಗ, ಹಳೆಯ ರೀತಿಯಲ್ಲಿಯೇ ಹಾಳೆಯ ಮೇಲೆ ಎರಡನ್ನೂ ಅಳೆದು, ದೊಡ್ಡದನ್ನೇ ಪ್ರಮಾಣವೆಂದು ಇಟ್ಟುಕೊಳ್ಳಲಿ.