ವಯಸ್ಸಿನ ಸಾಕ್ಷ್ಯ ಮತ್ತು ಗುರುತುಪತ್ರದ ಗೋಪ್ಯತೆ: ಅಮೆರಿಕದ ಸಂಸ್ಥಾನಗಳ ಶಾಸನಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರಜೆಗಳೆಲ್ಲರಿಗೂ ಕಡ್ಡಾಯವಾದ ರಾಷ್ಟ್ರೀಯ ಗುರುತುಪತ್ರವಿಲ್ಲ. ವಾಹನ ನಡೆಸಲು ಆಯಾ ಸಂಸ್ಥಾನವು ಕೊಡುವ ಪರವಾನಗಿಯೇ ವ್ಯವಹಾರದಲ್ಲಿ ಆ ಸ್ಥಾನವನ್ನು ಪಡೆದಿದೆ. ರಸ್ತೆಗಾಗಿ ಹುಟ್ಟಿದ ಈ ಪತ್ರವು ಪಾನಗೃಹದ ಬಾಗಿಲಲ್ಲಿ ವಯಸ್ಸಿನ ಸಾಕ್ಷಿಯಾದುದು ಹೇಗೆ, ಆ ಸಾಕ್ಷಿಯು ಅಗತ್ಯಕ್ಕಿಂತ ಹೆಚ್ಚು ನುಡಿಯತೊಡಗಿದಾಗ ಶಾಸನಕರ್ತರು ಏನು ಮಾಡಿದರು ಎಂಬುದನ್ನು ಸಂಗ್ರಹವಾಗಿ ವಿವೇಚಿಸುವುದೇ ಈ ಲೇಖನದ ಉದ್ದೇಶ.

1933ರಲ್ಲಿ ಪಾನನಿರೋಧವು ರದ್ದಾದಾಗ ಮದ್ಯದ ನಿಯಂತ್ರಣವು ಬಹುಮಟ್ಟಿಗೆ ಸಂಸ್ಥಾನಗಳ ಪಾಲಿಗೆ ಬಂದಿತು. 1971ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿಯಲು, ಅನೇಕ ಸಂಸ್ಥಾನಗಳು ಮದ್ಯಪಾನದ ವಯೋಮಿತಿಯನ್ನೂ ಇಳಿಸಿದುವು. ತರುಣರ ರಸ್ತೆ ಅಪಘಾತಗಳು ಆತಂಕ ಹುಟ್ಟಿಸಿದ ಮೇಲೆ, 21 ವರ್ಷದ ಮಿತಿಯನ್ನು ಒಪ್ಪದ ಸಂಸ್ಥಾನಕ್ಕೆ ಹೆದ್ದಾರಿ ಅನುದಾನದ ಒಂದು ಭಾಗವನ್ನು ತಡೆಹಿಡಿಯಬೇಕೆಂದು 1984ರಲ್ಲಿ ಕೇಂದ್ರ ಶಾಸನಸಭೆಯು ವಿಧಿಸಿತು. 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕ್ರಮವನ್ನು ಎತ್ತಿಹಿಡಿಯಿತು. ವಯಸ್ಸಿನ ಪರೀಕ್ಷೆಯು ಹೀಗೆ ಬಿಗಿಯಾಯಿತು.

ಕಾವಲುಗಾರನು ಪತ್ರವನ್ನು ಕಣ್ಣಿನಿಂದ ನೋಡಿ ಹಿಂದಿರುಗಿಸುತ್ತಿದ್ದಾಗ ತೊಡಕು ಹೆಚ್ಚಿರಲಿಲ್ಲ. ನೋಡಿದುದನ್ನು ಅವನು ಮರೆಯುತ್ತಿದ್ದನು. 1990ರ ದಶಕದಿಂದೀಚೆಗೆ ಪರವಾನಗಿಯ ಹಿಂಬದಿಯಲ್ಲಿ ಯಂತ್ರವು ಓದಬಲ್ಲ ಬಾರ್‌ಕೋಡು ಕಾಣಿಸಿಕೊಂಡಿತು. 2005ರ ರಿಯಲ್ ಐಡಿ ಕಾಯಿದೆಯು ಇಂತಹ ವ್ಯವಸ್ಥೆಯನ್ನು ಪರವಾನಗಿಗಳ ಆವಶ್ಯಕ ಲಕ್ಷಣವಾಗಿ ಗೊತ್ತುಪಡಿಸಿತು. 21 ವರ್ಷ ತುಂಬಿದೆಯೇ ಎಂಬ ಒಂದೇ ಪ್ರಶ್ನೆಗೆ, ಹೆಸರು, ವಿಳಾಸ, ಜನ್ಮದಿನ, ಪರವಾನಗಿಯ ಸಂಖ್ಯೆ ಇವೆಲ್ಲವನ್ನೂ ಯಂತ್ರವು ಕ್ಷಣದಲ್ಲಿ ಪಡೆಯಬಲ್ಲದು. ಪಡೆದುದನ್ನು ಮರೆಯದೆ ಉಳಿಸಿಕೊಳ್ಳಲೂಬಲ್ಲದು. ಚಾಲಕರ ಗೋಪ್ಯತೆಯನ್ನು ಕುರಿತ 1994ರ ಕೇಂದ್ರ ಕಾಯಿದೆಯ ದೃಷ್ಟಿ ಮುಖ್ಯವಾಗಿ ವಾಹನ ಇಲಾಖೆಗಳ ದಾಖಲೆಗಳ ಮೇಲಿತ್ತು, ಅಂಗಡಿಯ ಯಂತ್ರದ ಮೇಲಲ್ಲ.

ಈ ಕೊರತೆಯನ್ನು ತುಂಬಲು ಹೊರಟ ಸಂಸ್ಥಾನಗಳು ಒಂದೇ ಮಾರ್ಗವನ್ನು ಹಿಡಿಯಲಿಲ್ಲ. ಕ್ಯಾಲಿಫೋರ್ನಿಯವು ವಯಸ್ಸಿನ ಪರೀಕ್ಷೆಯೇ ಮೊದಲಾದ ಕೆಲವು ಕಾರ್ಯಗಳಿಗೆ ಮಾತ್ರ ಯಂತ್ರವಾಚನವನ್ನು ಒಪ್ಪಿತು. ಟೆಕ್ಸಾಸ್, ಕೆಲವು ಅಪವಾದಗಳೊಡನೆ, ಹೀಗೆ ಓದಿದ ವಿವರಗಳ ಭಂಡಾರವನ್ನು ಕಟ್ಟುವುದನ್ನೇ ನಿಷೇಧಿಸಿತು. 2017ರ ನ್ಯೂಜೆರ್ಸಿ ಕಾಯಿದೆಯು ವಯಸ್ಸಿಗಾಗಿ ಓದಿದುದನ್ನು ಉಳಿಸಿಕೊಳ್ಳಕೂಡದೆಂದಿತು. ಯೂಟಾ ಸಂಸ್ಥಾನದ ಕ್ರಮ ಭಿನ್ನವಾದುದು: 2009ರಲ್ಲಿ ಅದು ಪಾನಗೃಹಗಳಲ್ಲಿ ಯಂತ್ರಪರೀಕ್ಷೆಯನ್ನು ತಾನೇ ವಿಧಿಸಿ, ವಿವರಗಳ ಆಯುಸ್ಸನ್ನು 7 ದಿನಗಳಿಗೆ ಸೀಮಿತಗೊಳಿಸಿತು. ಈ ಭೇದಗಳ ನಡುವೆಯೂ ಒಂದು ತತ್ತ್ವವು ಸ್ಪಷ್ಟವಾಗಿ ತೋರುತ್ತದೆ: ನೋಡುವ ಅಧಿಕಾರ ಬೇರೆ, ಇಟ್ಟುಕೊಳ್ಳುವ ಅಧಿಕಾರ ಬೇರೆ.

ಈಚೆಗೆ ಪರೀಕ್ಷೆಯ ಸ್ಥಳವೇ ಬದಲಾಗಿದೆ. 2023ರ ಜನವರಿ 1ರಿಂದ ಜಾರಿಗೆ ಬಂದ ಲೂಯಿಸಿಯಾನದ ಕಾಯಿದೆಯು ವಯಸ್ಕರಿಗೆ ಮಾತ್ರ ಉಚಿತವಾದ ಅಂತರ್ಜಾಲ ತಾಣಗಳಿಗೆ ವಯಃಪರೀಕ್ಷೆಯನ್ನು ವಿಧಿಸಿತು. ಟೆಕ್ಸಾಸಿನ ಇಂತಹುದೇ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಜೂನ್ 27ರಂದು 6-3ರ ಬಹುಮತದಿಂದ ಎತ್ತಿಹಿಡಿಯಿತು. ಇವೆರಡೂ ವಿವರಗಳನ್ನು ಉಳಿಸಿಕೊಳ್ಳುವುದನ್ನು ನಿಷೇಧಿಸುತ್ತವೆ. ಆದರೆ ಪಾನಗೃಹದ ಬಾಗಿಲಲ್ಲಿ ಪತ್ರವನ್ನು ಕೊಟ್ಟವನು ಅದನ್ನು ಪಡೆದವನನ್ನು ಕಣ್ಣಾರೆ ನೋಡುತ್ತಿದ್ದನು. ಇಲ್ಲಿಯಾದರೋ ದೂರದ ಯಂತ್ರವು ಮರೆತಿತೋ ಇಲ್ಲವೋ ಎಂಬುದನ್ನು ತಿಳಿಯುವ ಸಾಧನ ಅವನಲ್ಲಿಲ್ಲ.

ಈ ಚರಿತ್ರೆಯು ನಮಗೆ ಪರಕೀಯವೇನಲ್ಲ. ಕರ್ಣಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿಯೇ, 2017ರಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಸಾರಿತು. ಭಾರತದ 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರ ವಿವರಗಳ ಬಳಕೆಗೆ ಪೋಷಕರ ಸಮ್ಮತಿ ಬೇಕೆನ್ನುತ್ತದೆ. ಬಾಲಕನನ್ನು ಗುರುತಿಸಬೇಕಾದರೆ ವಯಸ್ಕನನ್ನೂ ಪ್ರಶ್ನಿಸದೆ ವಿಧಿಯಿಲ್ಲ. ಆ ಪ್ರಶ್ನೆಗೆ ದೊರೆತ ಉತ್ತರವು ಎಷ್ಟು ಕಾಲ, ಯಾರಲ್ಲಿ ಉಳಿಯಬೇಕೆಂಬುದನ್ನು ಪ್ರಶ್ನೆ ಕೇಳುವುದಕ್ಕೆ ಮುನ್ನವೇ ನಿಶ್ಚಯಿಸುವುದು ಯುಕ್ತವೆಂಬುದೇ ಆ ಸಂಸ್ಥಾನಗಳ ಅನುಭವದಿಂದ ನಾವು ಗ್ರಹಿಸಬೇಕಾದ ಪಾಠ.